ಮಲ್ಲಜ್ಜನ ಹಳೇ ಹೊಗೆಸೊಪ್ಪು

ಗೋದಾಮಿನಲ್ಲಿ ಹಳೆಯ ಹೊಗೆಸೊಪ್ಪಿನ ಗಂಟು ಬಿಚ್ಚಿದರೆ ಇಂದಿಗೂ ಹಿರೇಹಡಗಲಿಯ ಆ ಮಧ್ಯಾಹ್ನದ ಘಾಟೇ ನನ್ನ ಮೂಗಿಗೆ ಬಡಿಯುತ್ತದೆ.

ಅಪ್ಪ ಸೊಪ್ಪಿನ ವ್ಯಾಪಾರಿ; ಆ ದಿನ ಮಗಳಾದ ನನ್ನನ್ನೂ ಖರೀದಿಗೆ ಕರೆದೊಯ್ದಿದ್ದ. ಕುರಿ ಕಾಯುವ ಮಲ್ಲಜ್ಜ ಬೆಲ್ಲದ ನೀರು ಚಿಮುಕಿಸಿ ವರ್ಷಗಟ್ಟಲೆ ಮಡಕೆಯಲ್ಲಿಟ್ಟಿದ್ದ ಸೊಪ್ಪು ಕಪ್ಪಗೆ, ಚರ್ಮದಂತೆ ಮೆತ್ತಗಿತ್ತು. ಅದನ್ನು ಚಿಲುಮೆಗೆ ತುಂಬಿ ಅಪ್ಪನ ಕೈಗಿಟ್ಟ. ಕೊಳ್ಳುವವನು ಎಳೆದು ಕೆಮ್ಮಿದರೆ ಮುಗಿಯಿತು, ಸೊಪ್ಪು ಖಡಕ್ ಎಂದು ಒಪ್ಪಿದಂತೆ; ಮಾರುವವನು ಹೇಳಿದ್ದೇ ದರ. ಆ ವರ್ಷ ಅಪ್ಪನಿಗೆ ಸುಮ್ಮನೆ ಕೂತರೂ ಕೆಮ್ಮು ಬರುತ್ತಿತ್ತು.

ಅಪ್ಪ ಎಳೆದ. ಕಣ್ಣು ಕೆಂಪಾದವು, ಕೊರಳ ನರ ಉಬ್ಬಿತು. ಕೆಮ್ಮಲಿಲ್ಲ.

"ಸಪ್ಪಗೈತಲ್ಲೋ ಯಜ್ಜ," ಅಂದ.

"ಹೌದಾ? ಹಂಗಾರ ಇನ್ನೊಂದು ದಮ್ಮು ಎಳೀರಿ ಸಾವ್ಕಾರ್ರ, ನೋಡೂಣು!" ಮಲ್ಲಜ್ಜ ನಕ್ಕ.

ಅಪ್ಪ ಮತ್ತೆ ಎಳೆದ. ಆಗಲೂ ಕೆಮ್ಮಲಿಲ್ಲ. ಅಪ್ಪ ಕೇಳಿದ ದರಕ್ಕೇ ಗಂಟು ನಮ್ಮದಾಯಿತು. ಸರಕನ್ನು ಸಪ್ಪೆ ಎನ್ನುವ ಮುನ್ನ ಎರಡನೆಯ ದಮ್ಮಿಗೆ ಎದೆ ತಡೆಯುತ್ತದೆಯೇ ನೋಡಿಕೊಳ್ಳಿ. ಹೊಸ ವ್ಯಾಪಾರಿಗಳಿಗೆ ನಾನು ಹೇಳುವುದು ಇಷ್ಟೇ.

ಊರು ದಾಟಿದ ಮೇಲೆ ಅಪ್ಪ ಬೇವಿನ ಮರ ಹಿಡಿದು ಬಹಳ ಹೊತ್ತು ಕೆಮ್ಮಿದ. ಅಷ್ಟರಲ್ಲಿ ಬಸ್ಸು ಬಂತು. ನಾನು ಕೈ ಮಾಡಿದೆ. ಅದು ತುಸು ಮುಂದೆ ಹೋಗಿ ನಿಂತಿತು.

"ಸೀಟು ಖಾಲಿ ಅದಾವಪ್ಪ, ಬಾ," ಅಂದೆ.

ಅಪ್ಪ ಗಂಟಿನ ಮೇಲೆ ಕೂತುಬಿಟ್ಟಿದ್ದ. "ಮುಂದಿನ ಬಸ್ಸಿಗೆ ಹೋಗೂಣವ್ವ," ಅಂದ. "ಅದು ಇಲ್ಲೇ ಹತ್ರ ನಿಂದ್ರಬಹುದು."