ಗಿಟಾರಿಸ್ಟನ ಮೂರು ಸಾವು

ಅರವತ್ತು ದಾಟಿದ ಹೆಂಗಸೊಬ್ಬಳು ಮೂರು ದಪ್ಪ ಪುಸ್ತಕಗಳನ್ನು ಪ್ರಕಾಶಕರ ಮೇಜಿನ ಮೇಲೆ ಕುಕ್ಕಿದಳು. ಹೆಸರಾಂತ ರಾಕ್ ಬ್ಯಾಂಡೊಂದರ ಹಾಡುಗಾರ, ಡ್ರಮ್ಮರ್ ಮತ್ತು ಮ್ಯಾನೇಜರ್, ಈ ಮೂವರ ಆತ್ಮಕಥೆಗಳು. ಮೂರನ್ನೂ ಅಚ್ಚು ಹಾಕಿಸಿದ್ದು ಈ ಪ್ರಕಾಶಕರೇ.

“ನನ್ನ ತಮ್ಮ ಇವರ ಜೊತೆ ಗಿಟಾರ್ ನುಡಿಸ್ತಿದ್ದ. ಅವನು ಸತ್ತಿದ್ದು ಎಲ್ಲಿ, ಸ್ವಲ್ಪ ಹೇಳ್ತೀರಾ? ಹಾಡುಗಾರನ ಪುಸ್ತಕದಲ್ಲಿ ಆಸ್ಪತ್ರೇಲಿ. ಡ್ರಮ್ಮರ್ ಪುಸ್ತಕದಲ್ಲಿ ರೈಲಲ್ಲಿ. ಮ್ಯಾನೇಜರ್ ಪುಸ್ತಕದಲ್ಲಿ ಸ್ಟೇಜ್ ಹಿಂದೆ. ಮೂರರಲ್ಲೂ ಆಯಾ ಮಹಾನುಭಾವರ ತೊಡೆ ಮೇಲೇ ತಲೆಯಿಟ್ಟು ಪ್ರಾಣ ಬಿಟ್ಟಿದ್ದಾನೆ!”

“ಕೂತ್ಕೊಳ್ಳಿ ಅಮ್ಮ. ನಿಮ್ಮ ಸಂಕಟ ಅರ್ಥ ಆಗುತ್ತೆ. ನಿಮ್ಮ ತಮ್ಮನ ಮೇಲಿನ ಪ್ರೀತಿಗೆ ಮೂವರೂ ಒಂದಿಷ್ಟು ಉಪ್ಪು ಖಾರ ಸೇರಿಸಿರಬಹುದು.”

“ಪ್ರೀತಿನಾ? ಬ್ಯಾಂಡಿಂದ ಅವನನ್ನ ಆಚೆ ಹಾಕಿದ ಮೇಲೆ ಇಪ್ಪತ್ತು ವರ್ಷ ಒಬ್ಬನೂ ನಮ್ಮ ಮನೆ ಹೊಸಿಲು ತುಳಿದಿಲ್ಲ, ಒಂದು ಫೋನ್ ಮಾಡಿಲ್ಲ. ಅಚ್ಚು ಹಾಕೋ ಮುಂಚೆ ನೀವಾದ್ರೂ ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?”

ಪ್ರಕಾಶಕರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

“ಆಯ್ತಮ್ಮ, ಮುಂದಿನ ಮುದ್ರಣದಲ್ಲಿ ತಿದ್ದಿಸ್ತೀನಿ. ಹಾಗಾದ್ರೆ ಕೊನೇ ಗಳಿಗೇಲಿ ಅವರು ಇದ್ದದ್ದು ಯಾರ ತೊಡೆ ಮೇಲೆ, ನೀವೇ ಹೇಳಿಬಿಡಿ.”

“ಅವನೂ ಅದನ್ನೇ ಕೇಳ್ತಿದ್ದಾನೆ. ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂತ ಕೆಳಗೆ ಆಟೋದಲ್ಲಿ ಕೂತಿದ್ದಾನೆ.”