ಜೆಟ್ಟಿಯ ಕೆಳಗಿನ ಕುರಿ ಮೂಳೆ

"ನಮ್ಮ ಪಂಜರದ ಬಾಜೂಕ ಕುರಿ ಮೂಳಿ ಸಿಕ್ಕಾವ್ರೀ," ಎಂದಳು ರತ್ನಪ್ರಭಾ.

ಎಣಗಾಯಿಯತ್ತ ಹೊರಟಿದ್ದ ಬಸವಕಿರಣನ ರೊಟ್ಟಿಯ ತುಂಡು ದಾರಿಯಲ್ಲೇ ನಿಂತಿತು.

ಮೂಳೆಯೇ ಅವನ ಹೆಂಡತಿಯ ಓದು. ಮದುವೆಗೆ ಮೊದಲೇ ನ್ಯೂಜಿಲೆಂಡಿಗೆ ಬಂದು ಸಂಶೋಧನೆಗೆ ಸೇರಿದ್ದವಳು, ಮನೆ ಹತ್ತಿರದ, ದೋಣಿ ಕಟ್ಟುವ ಜೆಟ್ಟಿಯ ಕೆಳಗೆ ಹಂದಿ ಮೂಳೆಗಳನ್ನು ಪಂಜರದಲ್ಲಿಟ್ಟು ಸಮುದ್ರಕ್ಕೆ ಇಳಿಬಿಟ್ಟಿದ್ದಳು. ನೀರಿನಲ್ಲಿ ಮೂಳೆಗೆ ಮೊದಲು ಯಾವ ಬ್ಯಾಕ್ಟೀರಿಯಾ ಅಂಟುತ್ತದೆ, ಆಮೇಲೆ ಯಾವುದು ಬರುತ್ತದೆ ಎಂದು ತಿಳಿದರೆ, ಮುಳುಗಿದ ಹೆಣ ಸಿಕ್ಕಾಗ ಸತ್ತು ಎಷ್ಟು ಕಾಲವಾಯಿತೆಂದು ಅಂದಾಜು ಮಾಡಬಹುದಂತೆ. ಆದರೂ ಧಾರವಾಡದ ಲಿಂಗಾಯತರ ಮಗಳು. ಮೂಳೆ ಮುಟ್ಟಿ ಬಂದ ದಿನ ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ.

ಹೆಣ್ಣು ಕೊಡುವ ಮುಂಚೆ ಅವಳ ತಂದೆ ಸಿದ್ರಾಮಪ್ಪ ವರನನ್ನು ಕೇಳಿದ್ದು ಒಂದೇ ಪ್ರಶ್ನೆ: "ಕೇಕಿನಾಗಿನ ತತ್ತೀನರೆ ತಿಂತೀರೇನು?" ಬಸವಕಿರಣ ಎರಡೂ ಕಿವಿ ಮುಚ್ಚಿಕೊಂಡಿದ್ದ. ಮದುವೆ ಅಲ್ಲೇ ಗಟ್ಟಿಯಾಯಿತು.

ಆಗ ಅದು ನಾಟಕವೇನೂ ಅಲ್ಲ. ಡಿಸೆಂಬರಿನಲ್ಲಿ ಮದುವೆ, 2008ರ ಜನವರಿಯಲ್ಲಿ ನ್ಯೂಜಿಲೆಂಡಿನ ಪೊರಿರುವಾಕ್ಕೆ ಬಂದು ಹೆಂಡತಿಯ ಬಾಡಿಗೆ ಮನೆ ಸೇರಿದ್ದು, ಪಕ್ಕದ ಅಪ್ಪರ್ ಹಟ್ ಊರಿನಲ್ಲಿ ಕೆಲಸ. ಆಫೀಸಿನವರ ಬಾರ್ಬೆಕ್ಯೂ ಊಟದಲ್ಲಿ ಯಾರೋ ಕುರಿಯ ತೊಡೆಯೊಂದನ್ನು ಅವನ ಕೈಗಿಟ್ಟರು. ಅವತ್ತು ಕೆಟ್ಟವನು ಮತ್ತೆ ಸುಧಾರಿಸಲಿಲ್ಲ. ಈಗ ಏಪ್ರಿಲ್ ಬರುವಷ್ಟರಲ್ಲಿ ಪ್ಯಾಂಟು ಬಿಗಿಯಾಗಿತ್ತು.

ಶುಕ್ರವಾರ ಸಂಜೆ ಜೆಟ್ಟಿಯ ಬಳಿ ಕಾರು ನಿಲ್ಲಿಸಿ ಕುರಿ ಕಾಲು ಚೀಪುವುದು, ಆಮೇಲೆ ಪುದೀನದ ಚೂಯಿಂಗ್ ಗಮ್. ಮೂಳೆಯನ್ನು ಮನೆಯ ಕಸದ ಡಬ್ಬಿಗೆ ಹಾಕುವಂತಿಲ್ಲ, ಹಾಗಾಗಿ ಸಮುದ್ರಕ್ಕೆ. ಅಷ್ಟು ಮೂಳೆಗಳ ನಡುವೆ ಇನ್ನೆರಡು ಯಾರಿಗೆ ಗೊತ್ತಾದೀತು ಎಂಬುದು ಅವನ ಜಾಣತನ.

"ನಮ್ಮ ಪ್ರೊಫೆಸರ್ ಅವನ್ನೂ ಪರೀಕ್ಷಾ ಮಾಡಿಸಿದ್ರು," ರತ್ನಪ್ರಭಾ ತಟ್ಟೆ ನೋಡುತ್ತಲೇ ಹೇಳಿದಳು. ಒಂದು ತುತ್ತೂ ತಿಂದಿರಲಿಲ್ಲ. ದನಿ ನಡುಗುತ್ತಿತ್ತು. ಸಿಟ್ಟಿಗೆ ಇರಬೇಕೆಂದು ಬಸವಕಿರಣ ಅಂದುಕೊಂಡ. "ಯಾವಾಗ ನೀರಿಗೆ ಬಿದ್ದಾವಂತ ಗೊತ್ತಾಗೇತಿ."

"ಯಾರರೆ ಮೀನಾ ಹಿಡಿಯಾವ್ರು ಒಗದಿರಬೇಕು ತಗೋ."

"ಅಲ್ರೀ. ಒಗದಾವ್ರು ಯಾರಂತ ನನಗ ಗೊತ್ತೈತಿ."

ಬಸವಕಿರಣ ನೀರು ಕುಡಿದ.

"ನಾಳೆ ಅಪ್ಪಾರು ಬರ್ತಾರ," ಎಂದಳು. "ಅವರಿಗೆ ಗೊತ್ತಾದ್ರ ಎದಿ ಒಡಕೋತಾರ. ಅದಕ್ಕ ಇವತ್ತೇ ಮಾತಾಡಿ ಬಿಡೂಣಂತ..."

ಅವಳು ಮಾತು ಮುಗಿಸುವವರೆಗೆ ಕಾಯುವ ಧೈರ್ಯ ಅವನಿಗಿರಲಿಲ್ಲ. ಇವಳೆಂದರೆ ಅವನಿಗೆ ಜೀವ. ಒಂದು ಕುರಿ ಕಾಲಿನ ದೆಸೆಯಿಂದ ಇವಳನ್ನು ಕಳೆದುಕೊಂಡರೆ ಹೇಗೆ?

"ನಾನೇ, ಪ್ರಭಾ," ಎಂದ. "ಒಂದೊಂದು ಮೂಳೀನೂ ನಂದೇ. ಶುಕ್ರವಾರ ಓವರ್‌ಟೈಮ್ ಅಂದದ್ದೆಲ್ಲಾ ಸುಳ್ಳು. ಕಾರಿನಾಗ ಕುಂತು ತಿಂತಿದ್ದೆ. ಮಾವನೋರಿಗೆ ಹೇಳಬ್ಯಾಡ. ನಿನ್ನಾಣಿ, ಇನ್ನ ಮುಟ್ಟಂಗಿಲ್ಲ."

ರತ್ನಪ್ರಭಾ ಮೊದಲ ಸಲ ತಲೆ ಎತ್ತಿದಳು. ಬಾಯಿ ತೆರೆದೇ ಇತ್ತು.

"ಎಲ್ಲಾ ನಿಮ್ಮವ?"

"ಎಲ್ಲಾ ನಂದೇ."

ಅವಳು ಕುರ್ಚಿಯನ್ನು ಗಂಡನ ಹತ್ತಿರಕ್ಕೆ ಎಳೆದುಕೊಂಡಳು.

"ಸಿಕ್ಕ ಮೂಳಿ ಹೋದ ವರ್ಷದ ಜುಲೈ ಚಳಿಗಾಲದ್ದು ರೀ," ಎಂದಳು ಮೆಲ್ಲಗೆ. "ಆಗ ಈ ಮನ್ಯಾಗ ಇದ್ದಾಕಿ ನಾನೊಬ್ಬಾಕೀನೇ."