ಇಪ್ಪತ್ನಾಲ್ಕು ಅಂಕಿಗಳು

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಇಲ್ಲವೇ ಇಬ್ಬರೂ. ಶಿಜುವೊಕ ಆರೋಗ್ಯ ಕೇಂದ್ರದ ನರ್ಸ್ ಮೊಚಿಜುಕಿಗೆ ಆ ವಾರವೆಲ್ಲ ಇದೇ ಯೋಚನೆ.

ಲ್ಯಾಬಿನ ಕಾಗದ ಸುಳ್ಳು ಹೇಳುವುದಿಲ್ಲ. ಕ್ಷಯದ ಒಂದೊಂದು ತಳಿಯ ವಂಶವಾಹಿಗೂ ಇಪ್ಪತ್ನಾಲ್ಕು ಅಂಕಿಗಳ ಗುರುತು. ಮೂಲಂಗಿ, ಮೀನಿನ ಉಂಡೆಗಳನ್ನು ಕಡ್ಡಿಗೆ ಚುಚ್ಚಿ ಸಾರಿನಲ್ಲಿ ಬೇಯಿಸಿದ ಓದೆನ್ ಮಾರುವ ಚಿಜುರು, ಅರವತ್ತೊಂದು ವರ್ಷ. ಬಾಡಿಗೆ ಕೋಣೆಯ ಒಂಟಿ ಮುದುಕ ಕಿಸಾಬುರೊ, ಎಂಬತ್ತೈದು. ಇಬ್ಬರದೂ ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಒಂದೇ. ಊರಿನ ಬೇರೆ ಯಾವ ರೋಗಿಯಲ್ಲೂ ಈ ತಳಿ ಸಿಕ್ಕಿಲ್ಲ.

ಮುದುಕನದು ಹಳೆಯದಿರಬೇಕು. ಕ್ಷಯ ಎದೆಯೊಳಗೆ ಐವತ್ತು ಅರವತ್ತು ವರ್ಷ ಮಲಗಿದ್ದು ಏಳುವುದುಂಟು. ಹಾಗಾದರೆ ಚಿಜುರುವಿಗೆ ಕೊಟ್ಟವನು ಅವನೇ. ಆದರೆ ಎಲ್ಲಿ? ಅವಳ ಅಂಗಡಿಯಲ್ಲೇ ಆಗಿದ್ದರೆ, ಶಾಲೆ ಬಿಟ್ಟ ಮಕ್ಕಳು ದಿನಾ ಮುಗಿಬೀಳುವ ಜಾಗ ಅದು. ನೆನೆದರೆ ಮೊಚಿಜುಕಿಗೆ ಅನ್ನ ಸೇರುತ್ತಿರಲಿಲ್ಲ.

"ಅಂಗಡಿಗೆ ವಯಸ್ಸಾದವರು ಯಾರಾದರೂ ಬರ್ತಿದ್ರಾ?"

"ನನ್ನ ಬೆಂಚು ಮಕ್ಕಳ ಅಳತೇದು ನರ್ಸಮ್ಮ. ಮುದುಕರು ಕೂತರೆ ಎಬ್ಬಿಸೋಕೆ ನಾಲ್ಕು ಜನ ಬೇಕು." ಆಸ್ಪತ್ರೆಯ ಮಂಚದ ಮೇಲೆ ಚಿಜುರು ಸಿಡುಕಿದಳು.

"ಮನೇಲಿ ಯಾರಿಗಾದರೂ ಈ ಕಾಯಿಲೆ ಇತ್ತಾ?"

"ಅಮ್ಮ ಎಂಬತ್ತು ವರ್ಷ ಗುಂಡುಕಲ್ಲಿನ ಹಾಗಿದ್ದಳು. ಅಪ್ಪ ಯಾಯಿಜು ಬಂದರಲ್ಲಿ ಮೀನಿನ ಹಡಗು ಹತ್ತಿದೋರು ವಾಪಸ್ ಬರಲಿಲ್ಲ, ನನಗಾಗ ಎರಡು ವರ್ಷ. ಸಮುದ್ರಕ್ಕೆ ಕ್ಷಯ ಇತ್ತಾ ಅಂತ ನೀವೇ ಕೇಳ್ಕೊಂಡು ಬನ್ನಿ. ಅಂಗಡಿ ಯಾವಾಗ ತೆಗೀಲಿ, ಅದನ್ನ ಹೇಳಿ."

ಮೊಚಿಜುಕಿ ಮೇಲಿನ ಮಹಡಿಗೆ ಹತ್ತಿದಳು. ಕಿಸಾಬುರೊ ಕಿಟಕಿಯತ್ತ ತಿರುಗಿ ಮಲಗಿದ್ದ.

"ಓದೆನ್ ಅಂಗಡಿಗೆ ಹೋಗಿದ್ರಾ ಅಜ್ಜ?"

"ಹಲ್ಲಿಲ್ಲದೋನಿಗೆ ಓದೆನ್ ಯಾಕಮ್ಮ? ಗಂಜಿ ಕುಡಿಯೋನು ನಾನು."

ಅವಳ ತಾಳ್ಮೆ ಕೆಟ್ಟಿತು. "ನೀವು ಹೀಗೆ ಮುಚ್ಚಿಟ್ಟರೆ ಎಳೇ ಮಕ್ಕಳಿಗೆ ಅಂಟುತ್ತೆ."

ಮುದುಕ ನಿಧಾನವಾಗಿ ಎದ್ದು ಕುಳಿತ.

"ಮುಚ್ಚಿಟ್ಟಿದ್ದು ನಿಜ. ಈ ಕೆಮ್ಮು ನನಗೆ ಇಪ್ಪತ್ತಾರನೇ ವಯಸ್ಸಲ್ಲೇ ಬಂದಿತ್ತು. ಆಗ ಇದು ಬಂದ ಮನೆ ಮುಂದೆ ಜನ ಉಸಿರು ಹಿಡಿದು ಓಡೋರು. ಗಂಡ ಹಡಗಿನ ಜೊತೆ ಮುಳುಗಿದ ಅಂತ ಎಲ್ಲರಿಗೂ ಹೇಳು ಅಂದೆ ಹೆಂಡತಿಗೆ. ಯಾಯಿಜು ಬಿಟ್ಟು ಬಂದೆ."

ಮೊಚಿಜುಕಿಯ ಪೆನ್ನು ನಿಂತಿತು.

"ಹೆಂಡತೀನ ಬಿಟ್ಟು ಯಾಕೆ ಬಂದ್ರಿ?"

"ಎರಡು ವರ್ಷದ ಮಗಳಿದ್ದಳಮ್ಮ. ಅವಳಿಗೆ ಅಂಟಬಾರದು ಅಂತ."